ಗ್ರ್ಯಾಂಡ್ ಕ್ಯಾನ್ಯನ್ ವಿಎಫ್‌ಆರ್ ಚಾರ್ಟ್: ಈ ಕಾಗದದ ನಕ್ಷೆ ಇನ್ನೂ ಯಾಕೆ ಬೇಕು

ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ, ಗ್ರ್ಯಾಂಡ್ ಕ್ಯಾನ್ಯನ್‌ಗೆಂದೇ ಒಂದು ಬೇರೆ ನಕ್ಷೆ ಅಚ್ಚು ಹಾಕಿಸುತ್ತದೆ. ಹೆಸರು ಗ್ರ್ಯಾಂಡ್ ಕ್ಯಾನ್ಯನ್ ವಿಎಫ್‌ಆರ್ ಏರೋನಾಟಿಕಲ್ ಚಾರ್ಟ್. ವಿಎಫ್‌ಆರ್ ಅಂದರೆ ಕಿಟಕಿಯಾಚೆ ಕಣ್ಣಲ್ಲಿ ನೋಡಿಕೊಂಡು ಹಾರುವ ನಿಯಮಗಳು. ಮಡಿಸಿದರೆ ಸೀಟಿನ ಪಕ್ಕದ ಜೇಬಿಗೆ ಹೋಗುತ್ತದೆ, ಬಿಚ್ಚಿದರೆ ಊಟದ ಮೇಜು ಪೂರ್ತಿ ನುಂಗುತ್ತದೆ. ಟ್ಯಾಬ್ಲೆಟ್‌ನಲ್ಲಿ ಎಲ್ಲಾ ಸಿಗುವ ಈ ಕಾಲದಲ್ಲಿ ಇದಕ್ಕೆ ದುಡ್ಡು ಕೊಡಬೇಕಾ ಅಂತ ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಹೊಸ ಹುಡುಗರು ಕೇಳುತ್ತಲೇ ಇರುತ್ತಾರೆ. ಕೊಡಬೇಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಅರಿಝೋನಾದ ಫೀನಿಕ್ಸ್‌ನ ಡೀರ್ ವ್ಯಾಲಿ ವಿಮಾನ ನಿಲ್ದಾಣದಿಂದ ಹಾರುವವಳು. ಸ್ವಂತ ವಿಮಾನ ಇಲ್ಲ. ಕ್ಲಬ್ಬಿನ ಸೆಸ್ನಾ 172 ಅನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. 180 ಕುದುರೆ ಶಕ್ತಿಯ ಎಂಜಿನ್, ನಾಲ್ಕು ಸೀಟು. ಆದರೆ ಬೇಸಿಗೆಯಲ್ಲಿ ಅದನ್ನು ಎರಡು ಸೀಟಿನ ವಿಮಾನ ಅಂತಲೇ ತಿಳಿದುಕೊಳ್ಳುವುದು ಒಳ್ಳೆಯದು. ಡೀರ್ ವ್ಯಾಲಿಯಿಂದ ಹೊರಟು, ಕ್ಯಾನ್ಯನ್ ದಾಟಿ, ಲೇಕ್ ಪವೆಲ್ ದಡದ ಪೇಜ್ ಊರಲ್ಲಿ ಇಳಿಯುವುದು ನನಗೆ ತುಂಬಾ ಇಷ್ಟವಾದ ದಾರಿ. ಈ ವಿಮರ್ಶೆ ಆ ದಾರಿಯ ಲೆಕ್ಕದಲ್ಲೇ ಇದೆ.

ಚಾರ್ಟಿಗೆ ಎರಡು ಮುಖ. ಒಂದು ಕಡೆ ನಮ್ಮಂಥ ಖಾಸಗಿ ಪೈಲಟ್‌ಗಳಿಗೆ, ಇನ್ನೊಂದು ಕಡೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಟೂರ್ ಕಂಪನಿಗಳಿಗೆ. ಬಿಚ್ಚುವಾಗ ಯಾವ ಮುಖ ಮೇಲಿದೆ ಅಂತ ನೋಡಿಕೊಳ್ಳಿ. ಟೂರ್‌ನವರ ದಾರಿಗಳೇ ಬೇರೆ, ಎತ್ತರಗಳೇ ಬೇರೆ. ನಾನು ಆ ಮುಖದ ಮೂಲೆಯಲ್ಲಿ ದೊಡ್ಡದಾಗಿ ಒಂದು ಕಾಟು ಹಾಕಿಡುತ್ತೇನೆ. ಹಾಗಂತ ಆ ಮುಖ ದಂಡ ಅಲ್ಲ. ನಮ್ಮ ಕೆಳಗೆ ಹೆಲಿಕಾಪ್ಟರ್‌ಗಳು ಎಲ್ಲೆಲ್ಲಿ ಓಡಾಡುತ್ತವೆ ಅಂತ ಹೊರಡುವ ಮುಂಚೆ ಒಮ್ಮೆ ಕಣ್ಣಾಡಿಸಿದರೆ, ಮೇಲೆ ಹೋದಾಗ ಕಣ್ಣು ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ.

ಸ್ಕೇಲು 1:250,000. ಪೈಲಟ್‌ಗಳು ಎಲ್ಲಾ ಕಡೆ ಬಳಸುವ ಮಾಮೂಲಿ ನಕ್ಷೆ, ಅಂದರೆ ಸೆಕ್ಷನಲ್ ಚಾರ್ಟ್, 1:500,000. ಅಂದರೆ ಇದರಲ್ಲಿ ಎಲ್ಲವೂ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಬಯಲು ಸೀಮೆಯಾದರೆ ಈ ವ್ಯತ್ಯಾಸ ಅಷ್ಟು ಮುಖ್ಯ ಅಲ್ಲ. ಇಲ್ಲಿ ಕಮರಿಯೊಳಗೆ ಕಮರಿ, ಅದರೊಳಗೆ ಇನ್ನೊಂದು ಸೀಳು. ಚಿಕ್ಕ ಸ್ಕೇಲಿನಲ್ಲಿ ಇದೆಲ್ಲಾ ಕಂದು ಬಣ್ಣದ ಮುದ್ದೆಯಾಗಿ ಕಾಣುತ್ತದೆ. ದೊಡ್ಡ ಸ್ಕೇಲಿನಲ್ಲಿ ಯಾವ ದಿಬ್ಬ ಯಾವುದು, ಯಾವ ತಿರುವು ಯಾವುದು ಅಂತ ಬೆರಳಿಟ್ಟು ಹೇಳಬಹುದು.

ಈಗ ಅಸಲು ವಿಷಯ. ಕ್ಯಾನ್ಯನ್ ಮೇಲಿನ ಆಕಾಶಕ್ಕೆ ಬೇರೆಯೇ ನಿಯಮ ಇದೆ. ನೆಲದಿಂದ ಹಿಡಿದು 18,000 ಅಡಿಯ ತನಕ ಅದು ವಿಶೇಷ ನಿಯಮಗಳ ಪ್ರದೇಶ (ಇಲ್ಲಿನ ಹಾರುವ ಎತ್ತರಗಳೆಲ್ಲಾ ಸಮುದ್ರ ಮಟ್ಟದಿಂದ ಲೆಕ್ಕ). ಅದರೊಳಗೆ ನಾಲ್ಕು ನಿಷೇಧಿತ ವಲಯಗಳು: ಡೆಸರ್ಟ್ ವ್ಯೂ, ಬ್ರೈಟ್ ಏಂಜೆಲ್, ಟೊರೊವೀಪ್/ಶಿನುಮೊ, ಸಾನಪ್. ಮೊದಲ ಮೂರರಲ್ಲಿ ನೆಲದಿಂದ ಹಿಡಿದು 14,500 ಅಡಿವರೆಗೆ, ಸಾನಪ್‌ನಲ್ಲಿ 8,000 ಅಡಿವರೆಗೆ, ತುರ್ತು ಸಂದರ್ಭ ಅಥವಾ ವಿಶೇಷ ಅನುಮತಿ ಬಿಟ್ಟು ಹಾರುವ ಹಾಗಿಲ್ಲ. ಖಾಸಗಿ ವಿಮಾನಗಳು ಹಾದುಹೋಗಲು ನಡುವೆ ನಾಲ್ಕು ಓಣಿಗಳನ್ನು ಬಿಟ್ಟಿದ್ದಾರೆ: ಜೂನಿ ಪಾಯಿಂಟ್, ಡ್ರ್ಯಾಗನ್, ಫಾಸಿಲ್ ಕ್ಯಾನ್ಯನ್, ಟಕಪ್. ಉತ್ತರಕ್ಕೆ ಹೋಗುವವರು 11,500 ಅಥವಾ 13,500 ಅಡಿಯಲ್ಲಿ, ದಕ್ಷಿಣಕ್ಕೆ ಬರುವವರು 10,500 ಅಥವಾ 12,500 ಅಡಿಯಲ್ಲಿ ಹಾರಬೇಕು. ಅಷ್ಟೇ. ಬೇರೆ ಆಯ್ಕೆ ಇಲ್ಲ.

ಈ ನಿಯಮಗಳು ಸುಮ್ನೆ ಬಂದದ್ದಲ್ಲ. 1986ರ ಜೂನ್‌ನಲ್ಲಿ ಇಲ್ಲಿ ಒಂದು ಟೂರ್ ವಿಮಾನ ಮತ್ತು ಒಂದು ಟೂರ್ ಹೆಲಿಕಾಪ್ಟರ್ ಡಿಕ್ಕಿಯಾಗಿ 25 ಜನ ಸತ್ತರು. ಮರುವರ್ಷ ಅಮೆರಿಕದ ಸಂಸತ್ತು ಉದ್ಯಾನವನಗಳ ಮೇಲಿನ ಹಾರಾಟದ ಬಗ್ಗೆ ಕಾಯ್ದೆ ಮಾಡಿತು. ಅದಕ್ಕೂ ಹಿಂದೆ, 1956ರ ಜೂನ್ 30ರಂದು, ಇದೇ ಕ್ಯಾನ್ಯನ್ ಮೇಲೆ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು 128 ಜನ ಹೋದರು. ಆ ಘಟನೆಯ ಒತ್ತಡದಿಂದಲೇ 1958ರಲ್ಲಿ ಎಫ್‌ಎಎ ಹುಟ್ಟಿಗೆ ಕಾರಣವಾದ ಕಾಯ್ದೆ ಬಂತು. ಪೈಲಟ್‌ಗಳಿಬ್ಬರೂ ಪ್ರಯಾಣಿಕರಿಗೆ ಒಂದೇ ದೃಶ್ಯ ತೋರಿಸಲು ಹೊರಟರೆ ಇಬ್ಬರೂ ಒಂದೇ ಜಾಗಕ್ಕೆ ಬರುತ್ತಾರೆ, ಅಲ್ವಾ?

ಈ ಓಣಿಗಳು ಎಲ್ಲಿ ಶುರು, ಎಲ್ಲಿ ಮುಗಿಯುತ್ತವೆ, ಯಾವ ಎತ್ತರ, ಯಾವ ಭಾಗದಲ್ಲಿ ಯಾವ ರೇಡಿಯೋ ಫ್ರೀಕ್ವೆನ್ಸಿಯಲ್ಲಿ ನಮ್ಮ ಇರುವಿಕೆ ಹೇಳಬೇಕು, ಎಲ್ಲಾ ಒಂದೇ ಹಾಳೆಯ ಮೇಲೆ ಇದೆ. ಕಾನೂನು ಪುಸ್ತಕದಲ್ಲಿ ಇದೇ ವಿಷಯ ಅಕ್ಷಾಂಶ ರೇಖಾಂಶಗಳ ಸಾಲು ಸಾಲಾಗಿ ಇದೆ. ಅದನ್ನು ಓದಿ ತಲೆಯಲ್ಲಿ ಚಿತ್ರ ಬರೆದುಕೊಳ್ಳುವುದು ನನ್ನಿಂದಂತೂ ಆಗದ ಕೆಲಸ.

ಒಂದು ಸಣ್ಣ ಸೂಕ್ಷ್ಮ ಇದೆ. ಬೇರೆ ಕಡೆ ನಾವು ದಿಕ್ಸೂಚಿ ನೋಡಿ ಎತ್ತರ ಆರಿಸುತ್ತೇವೆ. 0ರಿಂದ 179 ಡಿಗ್ರಿ ಕಡೆ ಹೋಗುವಾಗ ಬೆಸ ಸಾವಿರದ ಮೇಲೆ 500, ಉಳಿದ ಅರ್ಧಕ್ಕೆ ಸಮ ಸಾವಿರದ ಮೇಲೆ 500. ಓಣಿ ಸ್ವಲ್ಪ ಎಡಕ್ಕೆ ವಾಲಿ ದಿಕ್ಸೂಚಿ 350 ತೋರಿಸಿತು ಅಂದುಕೊಳ್ಳಿ. ಮಾಮೂಲಿ ಲೆಕ್ಕದಲ್ಲಿ ಅದು ಸಮ ಸಾವಿರ. ಓಣಿಯಲ್ಲಿ ಉತ್ತರಕ್ಕೆ ಹೋಗುವವರಿಗೆಲ್ಲಾ ಬೆಸವೇ. ಅಭ್ಯಾಸ ಬಲದಿಂದ ಕೈ ಹಾಕಿದರೆ ಎದುರಿಂದ ಬರುವವನ ಎತ್ತರಕ್ಕೇ ಹೋಗಿ ನಿಲ್ಲುತ್ತೀರಿ. ಚಾರ್ಟಿನಲ್ಲಿ ಓಣಿಯ ಎತ್ತರಗಳು ಬರೆದೇ ಇವೆ. ಅದನ್ನು ಓದಿ ಹಾರಿ, ನೆನಪಿನಿಂದ ಹಾರಬೇಡಿ.

ನನಗೆ ಈ ನಕ್ಷೆ ಇಷ್ಟವಾಗಲು ದೊಡ್ಡ ಕಾರಣ ಇದು: ಇಡೀ ಪ್ರಯಾಣದ ಯೋಜನೆ ಇದರಿಂದಲೇ ಬಿಚ್ಚಿಕೊಳ್ಳುತ್ತದೆ. ಎತ್ತರವನ್ನು ಅದು ನಿಗದಿ ಮಾಡಿಬಿಟ್ಟಿದೆ. ಎತ್ತರ ಗೊತ್ತಾದರೆ ತೂಕ ಗೊತ್ತಾಗುತ್ತದೆ, ತೂಕ ಗೊತ್ತಾದರೆ ಪೆಟ್ರೋಲ್, ಅದು ಗೊತ್ತಾದರೆ ಹೊರಡುವ ಹೊತ್ತು. ಕೆಲವರು ಉಲ್ಟಾ ಮಾಡುತ್ತಾರೆ. ಶನಿವಾರ ಮಧ್ಯಾಹ್ನ, ನಾಲ್ಕು ಜನ, ಟ್ಯಾಂಕ್ ಫುಲ್ ಅಂತ ಮೊದಲೇ ತೀರ್ಮಾನ ಮಾಡಿ, ಆಮೇಲೆ ನಕ್ಷೆ ನೋಡುತ್ತಾರೆ.

ಲೆಕ್ಕ ಹಾಕಿ ನೋಡೋಣ. ಈ 172ರ ಸರ್ವಿಸ್ ಸೀಲಿಂಗ್ 14,000 ಅಡಿ. ಅಂದರೆ ಮಾಮೂಲಿ ಹವೆಯಲ್ಲಿ, ಪೂರ್ತಿ ತೂಕ ಹೊತ್ತು, ಅಲ್ಲಿಗೆ ಹೋಗುವಷ್ಟರಲ್ಲಿ ನಿಮಿಷಕ್ಕೆ 100 ಅಡಿ ಏರುವ ದಮ್ಮು ಮಾತ್ರ ಉಳಿದಿರುತ್ತದೆ. ಹಾಗಾಗಿ ನನ್ನ ದಾರಿಯ ನಿಷೇಧಿತ ವಲಯಗಳ ನೆತ್ತಿಯ ಮೇಲೆ, 14,500ರಲ್ಲಿ ಹೋಗುವ ಮಾತೇ ಇಲ್ಲ. ಓಣಿಯೇ ಗತಿ. ಈಗ 11,500 ಅಡಿ ನೋಡಿ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣಾಂಶ ಮೈನಸ್ 8 ಡಿಗ್ರಿ. ಬೇಸಿಗೆಯಲ್ಲಿ ಅಲ್ಲಿ ಪ್ಲಸ್ 8 ಇದ್ದರೆ 16 ಡಿಗ್ರಿ ಜಾಸ್ತಿ ಆಯಿತು. ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್ 13,400 ದಾಟುತ್ತದೆ. ಎಂಜಿನ್‌ಗೂ ರೆಕ್ಕೆಗೂ ತಾವು 13,400ರಲ್ಲಿ ಇದ್ದೇವೆ ಅಂತಲೇ ಲೆಕ್ಕ. ಸೀಲಿಂಗ್‌ಗೆ ತಲೆ ತಾಗಿಸಿಕೊಂಡು ಹಾರಿದ ಹಾಗೆ. ಅಂಥ ದಿನ 13,500ರ ಆಯ್ಕೆ ಕಾಗದದ ಮೇಲೆ ಮಾತ್ರ.

ಅದೇ ಬೆಳಿಗ್ಗೆ ಬೇಗ, ಇಬ್ಬರೇ, ಟ್ಯಾಂಕಲ್ಲಿ ಬೇಕಾದಷ್ಟೇ ಪೆಟ್ರೋಲ್ ಹಾಕಿಕೊಂಡು ಹೋದರೆ 11,500 ಆರಾಮಾಗಿ ಸಿಗುತ್ತದೆ. ಡೀರ್ ವ್ಯಾಲಿ ಇರುವುದು 1,478 ಅಡಿಯಲ್ಲಿ. ಅಲ್ಲಿಂದ ಹತ್ತು ಸಾವಿರ ಅಡಿ ಏರಬೇಕು. ಇದಕ್ಕೆ ಅರ್ಧ ಗಂಟೆಯ ಹತ್ತಿರ ಹಿಡಿಯುತ್ತದೆ. ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ಬಂದ ಮೇಲೆ ಏರೋಣ ಅಂದರೆ ಆಗುವುದಿಲ್ಲ. ನಾನು ಸೆಡೋನಾ ದಾಟುವ ಹೊತ್ತಿಗೆ ಎತ್ತರ ಮುಟ್ಟುವ ಹಾಗೆ ಪೆನ್ಸಿಲ್ ಗೀಟು ಹಾಕಿಕೊಳ್ಳುತ್ತೇನೆ. ಸೆಡೋನಾ ಒಳ್ಳೆ ಗುರುತು, ಕೆಂಪು ಬಂಡೆಗಳ ನಡುವೆ ಚಪ್ಪಟೆ ಗುಡ್ಡದ ನೆತ್ತಿಯ ಮೇಲೆ ರನ್‌ವೇ.

ಕಾಗದದ ಮೇಲೆ ಕೆಲಸ ಮಾಡುವ ಸುಖವೇ ಬೇರೆ. ಮೊದಲು ಎರಡು ಅಂಚುಗಳ ಎತ್ತರ ನೋಡುತ್ತೇನೆ. ದಕ್ಷಿಣ ಅಂಚು ಸುಮಾರು 7,000 ಅಡಿ, ಉತ್ತರ ಅಂಚು 8,000ಕ್ಕೂ ಮೇಲೆ. ಕಮರಿಯ ತಳದ ಕೊಲೊರಾಡೊ ನದಿ ಅದಕ್ಕಿಂತ ಬಹಳ ಕೆಳಗೆ, ಫ್ಯಾಂಟಮ್ ರಾಂಚ್ ಹತ್ತಿರ 2,500 ಅಡಿ ಆಸುಪಾಸು. 172 ಎಂಜಿನ್ ಇಲ್ಲದೆ ತೇಲಿದರೆ, ಗಾಳಿ ಇಲ್ಲದಾಗ, ಪ್ರತಿ ಸಾವಿರ ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ಹೋಗುತ್ತದೆ. 11,500ರಲ್ಲಿ ಇದ್ದರೆ ದಕ್ಷಿಣ ಅಂಚಿಗಿಂತ 4,500 ಅಡಿ ಮೇಲಿದ್ದೇವೆ. ಅಂದರೆ ಆರು ಮುಕ್ಕಾಲು ಮೈಲಿ ತೇಲಬಹುದು. ಕಂಪಾಸ್ ತೆಗೆದು, ಚಾರ್ಟಿನ ಸ್ಕೇಲಿನಲ್ಲಿ ಅಷ್ಟು ಅಗಲಕ್ಕೆ ತೆರೆದು, ಓಣಿಯ ನಡುವೆ ಮುಳ್ಳು ಇಟ್ಟು ಒಂದು ವೃತ್ತ ಎಳೆಯುತ್ತೇನೆ. ವೃತ್ತ ಅಂಚನ್ನು ಮುಟ್ಟುತ್ತಾ? ಮುಟ್ಟಿದರೆ ಅಲ್ಲಿ ಕಾಡೋ, ಬಯಲೋ, ರಸ್ತೆಯೋ? ಎದುರು ಗಾಳಿ ಇದ್ದರೆ ವೃತ್ತ ಎಷ್ಟು ಕುಗ್ಗುತ್ತದೆ? ಎಲ್ಲಿಯ ತನಕ ಹಿಂದಕ್ಕೆ ತಿರುಗಬೇಕು, ಎಲ್ಲಿಂದ ಮುಂದಕ್ಕೇ ಹೋಗಬೇಕು ಅನ್ನುವ ಗೀಟು ಹೀಗೆ ಸಿಗುತ್ತದೆ. ಆ್ಯಪ್‌ಗಳೂ ಈ ವೃತ್ತ ತೋರಿಸುತ್ತವೆ, ಹಾರುವಾಗ ಅದು ತುಂಬಾ ಉಪಯೋಗ. ಆದರೆ ಕೈಯಾರೆ ಎಳೆದ ವೃತ್ತ ತಲೆಯಲ್ಲಿ ಉಳಿಯುತ್ತದೆ.

ಒಂದು ಸಲ ಹೀಗೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ ನನ್ನ ಗಂಡ ತಟ್ಟೆ ಹಿಡಿದು ನಿಂತು, "ಏನೇ ಇದು, ಊಟಕ್ಕೆ ಜಾಗ ಉಂಟಾ ಇಲ್ವಾ?" ಅಂದರು. ವೃತ್ತಗಳನ್ನು ನೋಡಿ ಏನಂತ ಕೇಳಿದರು. ಎಂಜಿನ್ ನಿಂತರೆ ಎಲ್ಲಿವರೆಗೆ ಹೋಗಬಹುದು ಅಂತ ಲೆಕ್ಕ, ಅಂದೆ. ತಟ್ಟೆ ಹಿಡಿದುಕೊಂಡು ಸೋಫಾಕ್ಕೆ ಹೋದರು. ಆದರೆ ಮರುದಿನ ಬೆಳಿಗ್ಗೆ ನನಗಿಂತ ಮುಂಚೆ ರೆಡಿಯಾಗಿದ್ದವರು ಅವರೇ.

ಚಾರ್ಟು ಹೇಳದೇ ಇರುವುದೂ ಬೇಕಾದಷ್ಟಿದೆ. ಬಿಸಿಲು ಅದರಲ್ಲಿ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕ್ ವಿಮಾನ ನಿಲ್ದಾಣ ಟುಸಾಯನ್‌ನಲ್ಲಿದೆ, ಎತ್ತರ 6,609 ಅಡಿ. ಅಲ್ಲಿ 30 ಡಿಗ್ರಿ ಸೆಖೆ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ ಹತ್ತಿರ ಹತ್ತಿರ 10,000 ಅಡಿ. ರನ್‌ವೇ 8,999 ಅಡಿ ಉದ್ದ ಇರುವುದು ನೋಡಿ "ಓಹೋ ಬೇಕಾದಷ್ಟಾಯಿತು" ಅನ್ನಿಸುತ್ತದೆ. ನೆಲ ಬಿಡಲು ಸಾಕು, ನಿಜ. ಬಿಟ್ಟ ಮೇಲೆ ಏರಬೇಕಲ್ಲ! ಪೇಜ್ 4,316 ಅಡಿ. ಕೆಳಗಿದೆ, ಪರವಾಗಿಲ್ಲ ಅನ್ನಿಸಬಹುದು. 38 ಡಿಗ್ರಿಯ ಮಧ್ಯಾಹ್ನ ಅದೂ 8,100 ಅಡಿಯಂತೆ ವರ್ತಿಸುತ್ತದೆ. ಇಂಥ ಕಡೆ ಟೇಕಾಫ್‌ಗೆ ಮುಂಚೆ ಮಿಕ್ಸ್‌ಚರ್ ಲೀನ್ ಮಾಡಲೇಬೇಕು, ಅಂದರೆ ಕೆಂಪು ಗುಂಡಿಯನ್ನು ಸ್ವಲ್ಪ ಹೊರಕ್ಕೆ ಎಳೆದು ಗಾಳಿಯ ಜೊತೆ ಎಂಜಿನ್‌ಗೆ ಹೋಗುವ ಪೆಟ್ರೋಲ್ ಕಡಿಮೆ ಮಾಡಬೇಕು. ಸಮುದ್ರ ಮಟ್ಟದ ಊರಲ್ಲಿ ಕಲಿತವರ ಕೈ ಆ ಗುಂಡಿಯನ್ನು ಪೂರ್ತಿ ಒಳಕ್ಕೆ ತಳ್ಳಿಯೇ ಹೊರಡುತ್ತದೆ. ಅಲ್ಲಿಗೆ ಇದ್ದ ಸ್ವಲ್ಪ ಶಕ್ತಿಯೂ ಹೋಯಿತು.

ಗಾಳಿಯೂ ಚಾರ್ಟಿನಲ್ಲಿ ಇಲ್ಲ. ನಾನು 9,000 ಮತ್ತು 12,000 ಅಡಿಯ ಮುನ್ಸೂಚನೆ ನೋಡುತ್ತೇನೆ. ಗುಡ್ಡದ ನೆತ್ತಿಯ ಮಟ್ಟದಲ್ಲಿ 25 ನಾಟ್‌ಗಿಂತ ಜಾಸ್ತಿ ಇದ್ದರೆ ಅವತ್ತು ಹೋಗುವುದಿಲ್ಲ. ಬೆಳಿಗ್ಗೆ ಹತ್ತು ಹತ್ತೂವರೆ ಆದಮೇಲೆ ಮರಳುಗಾಡಿನ ನೆಲ ಕಾದು, ಬಿಸಿ ಗಾಳಿ ಮೇಲೇಳುತ್ತದೆ. ಹಿಂದೆ ಕೂತವರ ಮುಖ ಬಿಳಚಿಕೊಳ್ಳುವುದು ಆಗಲೇ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಇಲ್ಲೂ ಮುಂಗಾರು ಉಂಟು, ಆ ತಿಂಗಳುಗಳಲ್ಲಿ ಮಧ್ಯಾಹ್ನ ಗುಡುಗು ಮೋಡ ಕಟ್ಟುತ್ತದೆ. ಮೋಡದಿಂದ ಮಳೆಯ ಎಳೆಗಳು ಇಳಿದು ನೆಲ ಮುಟ್ಟುವ ಮುಂಚೆಯೇ ಆರಿಹೋಗುವುದು ದೂರದಿಂದ ಎಷ್ಟು ಚೆಂದ. ಅದರ ಕೆಳಗೆ ಹೋದರೆ ತಣ್ಣಗಾದ ಗಾಳಿ ಮೇಲಿಂದ ಕೆಳಕ್ಕೆ ಕುಕ್ಕುತ್ತದೆ. ಅದಕ್ಕೇ ಪೇಜ್‌ನಲ್ಲಿ ರಾತ್ರಿ ಉಳಿದು, ಮರುದಿನ ಬೆಳಕು ಹರಿದ ಕೂಡಲೇ ಹೊರಡುವುದು ನನ್ನ ಪದ್ಧತಿ. ಸಂಜೆ ಹೊತ್ತಿಗೆ ಕೆಲಸವೂ ಇರುತ್ತದೆ, ಆಂಟೆಲೋಪ್ ಕ್ಯಾನ್ಯನ್ ಪಕ್ಕದಲ್ಲೇ ಇದೆ.

ಇಲ್ಲಿ ಗಡಿಯಾರದ ಒಂದು ತಮಾಷೆಯೂ ಇದೆ. ಅರಿಝೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ. ಅದರೊಳಗೂ ಹರಡಿರುವ ನವಾಹೋ ನೇಷನ್, ಅಂದರೆ ನವಾಹೋ ಬುಡಕಟ್ಟಿನ ಸ್ವಂತ ಆಡಳಿತದ ಪ್ರದೇಶ, ಇಡುತ್ತದೆ. ಪಕ್ಕದ ಯೂಟಾ ಕೂಡ ಇಡುತ್ತದೆ. ಪೇಜ್ ಇಡುವುದಿಲ್ಲ. ಫೋನು ಯಾವ ಟವರ್ ಹಿಡಿಯಿತೋ ಆ ಟೈಮ್ ತೋರಿಸುತ್ತದೆ. ಫ್ಲೈಟ್ ಪ್ಲ್ಯಾನ್ ಫೈಲ್ ಮಾಡುವಾಗ ಜುಲು ಟೈಮ್ (ಜಗತ್ತಿಗೆಲ್ಲಾ ಒಂದೇ ಆದ ಯುಟಿಸಿ ಸಮಯ) ಬಿಟ್ಟು ಬೇರೆ ಯಾವುದನ್ನೂ ನಂಬಬೇಡಿ. ಹೇಳಿದ ಹೊತ್ತು ಕಳೆದು ಅರ್ಧ ಗಂಟೆಯಾದರೂ ಪ್ಲ್ಯಾನ್ ಕ್ಲೋಸ್ ಆಗದಿದ್ದರೆ ನಿಮ್ಮನ್ನು ಹುಡುಕುವ ಕೆಲಸ ಶುರುವಾಗುತ್ತದೆ.

ಆ್ಯಪ್ ವಿಷಯ. ನಾನು ಆ್ಯಪ್ ವಿರೋಧಿ ಅಲ್ಲ. ಹಾರುವಾಗ ನಾನೆಲ್ಲಿದ್ದೇನೆ ಅಂತ ಕ್ಷಣಕ್ಷಣಕ್ಕೂ ತೋರಿಸುವ ವಸ್ತುವಿಗೆ ಬೇಡ ಅನ್ನುವವರು ಯಾರು? ಓಣಿಯೊಳಗೆ ಸರಿಯಾಗಿ ಇದ್ದೇನಾ ಅಂತ ಜಿಪಿಎಸ್‌ನಲ್ಲೇ ನೋಡುತ್ತೇನೆ. ಆದರೆ ಮರುಭೂಮಿಯ ಬಿಸಿಲು, ದೊಡ್ಡ ಗಾಜು, ಅದರ ಎದುರು ಕಪ್ಪು ಪರದೆ. ಉತ್ತರ ಅಂಚಿನ ಹತ್ತಿರ ಒಮ್ಮೆ ನನ್ನ ಟ್ಯಾಬ್ಲೆಟ್ "ಬಿಸಿಯಾಗಿದೆ, ತಣ್ಣಗಾಗಲಿ" ಅಂತ ಹೇಳಿ ಕಣ್ಣು ಮುಚ್ಚಿತು. ಆಗ ಮೊಣಕಾಲಿನ ಬೋರ್ಡಿಗೆ ಕ್ಲಿಪ್ ಹಾಕಿದ್ದ ಚಾರ್ಟು, ವಿಮಾನದ್ದೇ ಜಿಪಿಎಸ್ಸು, ಕಿಟಕಿಯಾಚೆಯ ಅಂಚು, ಮೂರೂ ಒಂದೇ ಮಾತು ಹೇಳುತ್ತಿದ್ದವು. ಏನೂ ಗಡಿಬಿಡಿ ಆಗಲಿಲ್ಲ. ಟ್ಯಾಬ್ಲೆಟ್ಟನ್ನು ಸೀಟಿನ ಕೆಳಗಿನ ನೆರಳಿಗೆ ಸರಿಸಿ, ಗಾಳಿ ಬರುವ ತೂತನ್ನು ಅದರ ಕಡೆ ತಿರುಗಿಸಿದೆ.

ಕಾಗದಕ್ಕೂ ಅದರದೇ ಕಿರಿಕಿರಿ ಇದೆ. ಕಾಕ್‌ಪಿಟ್‌ನಲ್ಲಿ ಪೂರ್ತಿ ಬಿಚ್ಚಲು ಆಗುವುದಿಲ್ಲ. ಬಿಚ್ಚಿದರೆ ಪಕ್ಕದವರ ಮುಖದ ಮೇಲೆ, ಆಮೇಲೆ ಥ್ರಾಟಲ್ ಮೇಲೆ. ಮನೆಯಲ್ಲೇ ಹೊಸದಾಗಿ ಮಡಿಸಿಕೊಳ್ಳಿ, ಹೋಗುವ ಓಣಿ ಮೇಲೆ ಬರುವ ಹಾಗೆ. ನಾನು ಉತ್ತರಕ್ಕೆ ಡ್ರ್ಯಾಗನ್ ಮೂಲಕ ಹೋಗಿ, ವಾಪಸ್ಸು ಜೂನಿ ಪಾಯಿಂಟ್ ಮೂಲಕ ಬರುತ್ತೇನೆ. ವಾಪಸ್ಸು ಬರುವಾಗ 10,500 ಅಡಿ, ಒಂದು ಸಾವಿರ ಅಡಿ ಕೆಳಗೆ. ಎಡಗಡೆ ಲಿಟಲ್ ಕೊಲೊರಾಡೊ ನದಿ ಕೊರೆದ ಸೀಳು ಕಾಣುತ್ತದೆ, ಎಡ ಸೀಟಿನಲ್ಲಿ ಕೂತ ನನಗೆ ಒಳ್ಳೆ ನೋಟ. ಹೋಗುವ ದಾರಿಗೊಂದು ಮಡಿಕೆ, ಬರುವ ದಾರಿಗೊಂದು. ಮಡಿಕೆಯ ಗೆರೆ ಮೇಲೆ ಅಕ್ಷರ ಬೇಗ ಸವೆಯುತ್ತದೆ, ಮೊದಲೇ ಒಂದು ಪಾರದರ್ಶಕ ಟೇಪ್ ಹಚ್ಚಿಬಿಡಿ.

ಇದೊಂದೇ ಇದ್ದರೆ ಆಗುವುದಿಲ್ಲ ಅನ್ನುವುದೂ ನೆನಪಿರಲಿ. ಕ್ಯಾನ್ಯನ್ ಆಸುಪಾಸು ಮಾತ್ರ ಇದರಲ್ಲಿದೆ. ಫೀನಿಕ್ಸ್‌ನಿಂದ ಬರುವವರಿಗೆ ಫೀನಿಕ್ಸ್ ಮತ್ತು ಲಾಸ್ ವೇಗಸ್, ಎರಡೂ ಸೆಕ್ಷನಲ್ ಬೇಕು. ಉದ್ಯಾನವನಗಳ ಮೇಲೆ ನೆಲದಿಂದ 2,000 ಅಡಿ ಎತ್ತರ ಇಟ್ಟುಕೊಳ್ಳಿ ಅನ್ನುವ ಕೋರಿಕೆ ಆ ಕಡೆಯೆಲ್ಲಾ ಇದೆ, ಲೇಕ್ ಪವೆಲ್ ಫೋಟೋ ಆಸೆಗೆ ಕೆಳಗಿಳಿಯಬೇಡಿ. ಆಮ್ಲಜನಕದ ಬಗ್ಗೆ: ಪೈಲಟ್‌ಗೆ ಅದು ಕಾನೂನು ಪ್ರಕಾರ ಬೇಕಾಗುವುದು 12,500 ಅಡಿ ಮೇಲೆ ಅರ್ಧ ಗಂಟೆಗಿಂತ ಜಾಸ್ತಿ ಇದ್ದರೆ, 14,000 ದಾಟಿದರೆ ಪೂರ್ತಿ ಹೊತ್ತು. ನಮ್ಮ 11,500ಕ್ಕೆ ಬೇಕಿಲ್ಲ. ಆದರೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಒಂದು ಬ್ಯಾಗಲ್ಲಿ ಇರಲಿ. ನೀರು ಅಂತೂ ಕುಡಿಯಲು ಬೇಕಾದ್ದಕ್ಕಿಂತ ಜಾಸ್ತಿಯೇ ಇರಲಿ. ಇಳಿಯಬೇಕಾಗಿ ಬಂದರೆ ಹುಡುಕಿಕೊಂಡು ಬರುವವರೆಗೆ ಅದೇ ಆಸ್ತಿ.

ಯಾರಿಗೆ ಬೇಡ? ಟರ್ಬೋ ಎಂಜಿನ್, ಆಮ್ಲಜನಕ ಎಲ್ಲಾ ಇದ್ದು, 16,500ರಲ್ಲಿ ಹಾಯಾಗಿ ದಾಟುವವರಿಗೆ ಇದರ ಅಗತ್ಯ ಕಡಿಮೆ. ಕಿಟಕಿ ಸೀಟಲ್ಲಿ ಕೂತು ನೋಡಿದರೆ ಸಾಕು ಅನ್ನುವವರು ಟೂರ್ ಟಿಕೆಟ್ ತೆಗೆದುಕೊಳ್ಳಲಿ. 172, ಚೆರೋಕಿ ಥರದ ವಿಮಾನ ಹಿಡಿದು ತಾವೇ ದಾಟಬೇಕು ಅನ್ನುವವರು ಕೊಳ್ಳಲೇಬೇಕು.

ಎಫ್‌ಎಎ ಜಾಲತಾಣದಲ್ಲಿ ಇದೇ ಚಾರ್ಟಿನ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಕೊಳ್ಳುವ ಮುಂಚೆ ಅದನ್ನು ಇಳಿಸಿಕೊಂಡು ನೋಡಿ, ಅಚ್ಚಾದದ್ದನ್ನು ಕೊಂಡಾಗ ದಿನಾಂಕ ಹೊಂದುತ್ತದಾ ಅಂತಲೂ ನೋಡಿ. ಮನೆಯ ಪ್ರಿಂಟರ್‌ನಲ್ಲಿ ಚಿಕ್ಕ ಹಾಳೆಗೆ ಇಳಿಸಿದರೆ ಸ್ಕೇಲು ಕೆಡುತ್ತದೆ, ನಕ್ಷೆ ಅಳೆಯುವ ಪ್ಲಾಟರ್ ಪಟ್ಟಿಯಲ್ಲಿ ಅಳೆದ ಮೈಲಿ ಸುಳ್ಳಾಗುತ್ತದೆ. ಅಚ್ಚಾದ ಚಾರ್ಟಿನ ಮೇಲೆ ಅಳೆಯುವಾಗಲೂ ಪಟ್ಟಿಯ ಸೆಕ್ಷನಲ್ ಅಂಚು ಬೇಡ, 1:250,000 ಅಂತ ಗುರುತು ಇರುವ ಅಂಚನ್ನೇ ಇಡಿ.